ಕಷ್ಟದಾಗಿರೋ ಕುಟುಂಬಕ್ಕ ಎಲ್ಲಾ ಇಲಾಖಿ ಕೂಡಿ ಮೊದಲ ಹೆಂಗ ಕೈ ಹಿಡೀಬೇಕು? ಹಾವೇರಿ ಜಿಲ್ಲಾದ ಗ್ರಾಮ ಪಂಚಾಯ್ತಿ ಮಟ್ಟದ ಪ್ರಶ್ನೆ

ಪಂಚಾಯ್ತಿ_ಕಟ್ಟಿ

ಎಲ್ಲಾರಿಗೂ ನಮಸ್ಕಾರ. ಬ್ಯಾಡಗಿ ತಾಲೂಕಿನ ಒಂದು ಗ್ರಾಮ ಪಂಚಾಯ್ತಿಯ ಮಕ್ಕಳ ರಕ್ಷಣಾ ಸಮಿತಿ ಸಲುವಾಗಿ ಕೇಳಾಕತ್ತೀನಿ. ಒಂದು ಮಾದರಿ ಮನಿ ಹೇಳತೀನಿ. ಇದು ಯಾರದೂ ಒಬ್ಬರ ಮನಿ ಅಲ್ಲ, ಇಂಥಾವು ಊರಿಗೆ ನಾಲ್ಕಾರು ಇರ್ತಾವ.

ಅಪ್ಪ ತೀರಿ ಒಂದೂವರಿ ವರ್ಷ ಆಗೇತಿ, ಮರಣ ನೋಂದಣಿ ಆಗಿಲ್ಲ. ಅವ್ವ ಮೆಣಸಿನಕಾಯಿ ತುಂಬು ಬಿಡಿಸಾಕ ಹೋಗ್ತಾಳ. ದೊಡ್ಡ ಹುಡುಗಿ ಒಂಬತ್ತನೇತ್ತ, ವಾರಕ್ಕ ಎರಡು ದಿನ ಸಾಲಿಗೆ ಗೈರು. ನಡುವಿನ ಹುಡುಗ ಐದನೇತ್ತ. ಸಣ್ಣ ಕೂಸಿಗೆ ಎರಡು ವರ್ಷ, ತೂಕ ಏರವಲ್ದು. ತೂಕದ ಸುದ್ದಿ ಅಂಗನವಾಡಿ ಅಕ್ಕಾರಿಗೆ ಗೊತ್ತು. ಗೈರುಹಾಜರಿ ಸಾಲಿಗೆ ಗೊತ್ತು. ಅವ್ವ ರಾತ್ರಿ ನಿದ್ದಿ ಮಾಡೂದಿಲ್ಲ, ಕುಂತಲ್ಲೇ ಅಳತಾಳ ಅನ್ನೋದು ಆಶಾ ಕಾರ್ಯಕರ್ತೆಗೆ ಗೊತ್ತು. ಪಿಂಚಣಿ ಇಲ್ಲ ಅನ್ನೋದು ಪಂಚಾಯ್ತಿಗೆ ಗೊತ್ತು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲ. ಯಾರೂ ದೂರು ಕೊಟ್ಟಿಲ್ಲ, ಹೊಡೆತ ಬಡಿತ ಇಲ್ಲ, ಅಂದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡುವಂಥ ಪ್ರಸಂಗ ಇನ್ನೂ ಬಂದಿಲ್ಲ. ಬರೂಕಿಂತ ಮೊದಲ ಏನು ಮಾಡಬೇಕು? ಮುಂದ ನಿಲ್ಲೋರು ಯಾರು? ಕಾಗದದಾಗ ಏನು ಬರೀಬೇಕು? ರೊಕ್ಕದ ಯೋಜನಾ ಯಾವ ಕ್ರಮದಾಗ ಹಾಕಬೇಕು?

ಹೊಸ್ತಿಲು_ಧಾರವಾಡ (ಮಕ್ಕಳ ರಕ್ಷಣಾ ಕ್ಷೇತ್ರ)

ಮುಂದೆ ನಿಲ್ಲುವವರನ್ನು ಹುದ್ದೆ ನೋಡಿ ಆರಿಸಬೇಡಿ. ಆ ತಾಯಿ ಯಾರಿಗೆ ಬಾಗಿಲು ತೆರೆದು ಚಾಪೆ ಹಾಸುತ್ತಾಳೋ ಅವರೇ ಆ ಮನೆಯ ಜವಾಬ್ದಾರಿ ಹೊರಬೇಕು. ಹೆಚ್ಚಾಗಿ ಅದು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ. ಆದರೆ ಅವರಿಬ್ಬರ ತಲೆಯ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಇದೆ. ಆದ್ದರಿಂದ ಮನೆಗೆ ಹೋಗಿ ಮಾತಾಡುವುದು ಮಾತ್ರ ಅವರದು. ಅರ್ಜಿ, ಝೆರಾಕ್ಸ್, ನಾಡಕಚೇರಿ ಓಡಾಟ ಪಂಚಾಯ್ತಿ ಸಿಬ್ಬಂದಿಯದು ಅಂತ ಮೊದಲ ಸಭೆಯಲ್ಲೇ ಬರೆದುಬಿಡಿ. ಈ ಹಂಚಿಕೆ ಆಗದ ಕಡೆ ಎರಡನೇ ತಿಂಗಳಿಗೇ ಎಲ್ಲ ನಿಂತುಹೋಗುತ್ತದೆ.

ಕಾಗದ ಒಂದೇ ಹಾಳೆ, ಒಂದೇ ಮಗ್ಗುಲು. ಮನೆಯಲ್ಲಿ ಯಾರಿದ್ದಾರೆ, ಏನು ಚೆನ್ನಾಗಿ ನಡೆದಿದೆ (ಅಜ್ಜಿ ಪಕ್ಕದಲ್ಲೇ ಇದ್ದಾಳೆ, ಹುಡುಗ ತಪ್ಪದೆ ಶಾಲೆಗೆ ಹೋಗುತ್ತಾನೆ), ಏನು ಚಿಂತೆ, ಯಾರು ಏನನ್ನು ಯಾವ ತಾರೀಖಿನೊಳಗೆ ಮಾಡುತ್ತಾರೆ. ಇವೆಲ್ಲಕ್ಕೂ ಮೇಲೆ, ಹಾಳೆಯ ಮೊದಲ ಸಾಲಿನಲ್ಲಿ, ತಾಯಿ ತಾನಾಗಿ ಏನು ಕೇಳಿದಳು ಅನ್ನುವುದು ಇರಲಿ. ನಾವು ಕೂಸಿನ ತೂಕ ಅಂತ ಹೊರಟಿರುತ್ತೇವೆ, ಅವಳು ಕೇಳುವುದು ರೇಷನ್ ಕಾರ್ಡಿನಲ್ಲಿ ಹೆಸರು ಸರಿ ಮಾಡಿಕೊಡಿ ಅಂತ. ಅದನ್ನೇ ಮೊದಲು ಮಾಡಿ. ಅದಾದ ಮೇಲೆ ಉಳಿದ ಮಾತಿಗೆ ಕಿವಿಗೊಡುತ್ತಾಳೆ. ಹಾಳೆಯನ್ನು ಅವಳ ಮುಂದೆ ಓದಿ ಹೇಳಿ, ಒಪ್ಪಿದರೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ಅವಳ ಕೈಗೇ ಕೊಡಿ.

'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. 'ಬರುವ ಬುಧವಾರ ಅಂಗನವಾಡಿ ಮೇಲ್ವಿಚಾರಕಿ ಮನೆಗೆ ಬಂದು ಎತ್ತರ, ತೂಕ, ತೋಳಿನ ಸುತ್ತಳತೆ ನೋಡುತ್ತಾರೆ' ಎಂದು ಬರೆಯಿರಿ. ಒಂದು ಸಲಕ್ಕೆ ಐದು ಕೆಲಸಕ್ಕಿಂತ ಹೆಚ್ಚು ಬೇಡ. ಮೂರು ವಾರಕ್ಕೆ ಒಮ್ಮೆ, ಆಮೇಲೆ ಆರು ವಾರಕ್ಕೆ ಒಮ್ಮೆ ಅದೇ ಹಾಳೆ ಹಿಡಿದು ಕೂಡಿ. ಸಮಿತಿಯ ಮೂರು ತಿಂಗಳ ಸಭೆಗೆ ಕಾಯಬೇಡಿ. ಇದಕ್ಕೆ ಆ ಮನೆಗೆ ಸಂಬಂಧಪಟ್ಟ ನಾಲ್ಕು ಜನ ಸಾಕು, ಅರ್ಧ ತಾಸು ಸಾಕು.

ನೀವು ಹೇಳಿದ 'ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲ' ಅನ್ನುವುದು ನಮ್ಮೂರಿನ ರೋಗ ಮಾತ್ರ ಅಲ್ಲ. 2000ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ತೀರಿಕೊಂಡಾಗ, ಸಮಾಜ ಸೇವಾ ಕಚೇರಿಗಳು, ಪೊಲೀಸರು, ಆಸ್ಪತ್ರೆಗಳು ಎಲ್ಲರೂ ಅವಳನ್ನು ಮೊದಲೇ ಕಂಡಿದ್ದರು. 2003ರ ಲಾರ್ಡ್ ಲ್ಯಾಮಿಂಗ್ ವಿಚಾರಣಾ ವರದಿ ಅದನ್ನೇ ಎತ್ತಿ ತೋರಿಸಿತು, ಮರುವರ್ಷ ಅಲ್ಲಿ ಹೊಸ ಮಕ್ಕಳ ಕಾಯ್ದೆಯೇ ಬಂತು. ಅಲ್ಲಿ ಈಗ ಒಂದು ಕುಟುಂಬಕ್ಕೆ ಒಬ್ಬ ಮುಖ್ಯ ಕಾರ್ಯಕರ್ತರನ್ನು ಗೊತ್ತು ಮಾಡುತ್ತಾರೆ. ನಮ್ಮ ಪಂಚಾಯ್ತಿಯಲ್ಲಿ ಅದಕ್ಕೆ ಹೊಸ ಹುದ್ದೆ ಬೇಕಿಲ್ಲ, ಹಾಳೆಯ ಮೇಲೆ ಒಂದು ಹೆಸರು ಬೇಕು.

ಹಾಜರಿ_ಪುಸ್ತಕ

ಹುಡುಗಿ ಬಗ್ಗೆ. ಎಷ್ಟು ದಿನ ಗೈರು ಅನ್ನುವುದಕ್ಕಿಂತ ಯಾವ ದಿನ ಗೈರು ಅಂತ ನೋಡಿ. ಬ್ಯಾಡಗಿ ಮಾರುಕಟ್ಟೆಯ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಗೈರು ಆ ದಿನಗಳ ಸುತ್ತಮುತ್ತಲೇ ಬರುತ್ತಿದ್ದರೆ, ಅವ್ವ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳಲು ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಾಳೆ ಎಂದು ಅರ್ಥ. ಅಲ್ಲಿ ಹುಡುಗಿಗೆ ಬುದ್ಧಿ ಹೇಳಿ ಉಪಯೋಗ ಇಲ್ಲ, ಕೂಸಿಗೆ ಹಗಲು ಹೊತ್ತು ಜಾಗ ಬೇಕು. ನಿಮ್ಮ ಪಂಚಾಯ್ತಿಯಲ್ಲಿ ಕೂಸಿನ ಮನೆ (ಪಂಚಾಯ್ತಿಯ ಶಿಶುಪಾಲನಾ ಕೇಂದ್ರ) ನಡೆಯುತ್ತಿದ್ದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅದೇ ಜಾಗ. ಆದರೆ ಅದು ತೆರೆಯುವ ಹೊತ್ತು ಮತ್ತು ಅವ್ವ ಕೆಲಸಕ್ಕೆ ಹೊರಡುವ ಹೊತ್ತು ಹೊಂದುತ್ತದೆಯೇ ಅಂತ ಮೊದಲು ನೋಡಿ. ಒಂದು ತಾಸಿನ ಅಂತರ ಇದ್ದರೂ ಆ ತಾಸು ಹುಡುಗಿಯ ಮೇಲೇ ಬೀಳುತ್ತದೆ.

ರಾಣೆಬೆನ್ನೂರು, ಹಾವೇರಿ ಕಡೆ ಹತ್ತಿ ಬೀಜೋತ್ಪಾದನೆ ಇರುವ ಊರುಗಳಲ್ಲಿ ಚಿತ್ರ ಬೇರೆ. ಕ್ರಾಸಿಂಗ್ ಕೆಲಸದಲ್ಲಿ ಸಂಜೆ ಹೂವಿನ ಗಂಡು ಭಾಗ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುತ್ತಾರೆ. ಹಾಗಾಗಿ ಮಗು ಪೂರ್ತಿ ಗೈರಾಗುವುದಿಲ್ಲ. ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ತರಗತಿ ಶಿಕ್ಷಕರು ಬಂದ ಹೊತ್ತನ್ನು ಎರಡು ವಾರ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಗೊತ್ತಾಗುತ್ತದೆ. 14 ವರ್ಷದೊಳಗಿನವರನ್ನು ಇಂಥ ಕೂಲಿಗೆ ಹಚ್ಚುವುದು ಅಪರಾಧ. ಅದು ಕಂಡರೆ ಸಮಿತಿಯ ಹಾಳೆ ಒಂದರಿಂದಲೇ ಆಗುವುದಿಲ್ಲ, ಕಾರ್ಮಿಕ ಇಲಾಖೆಗೂ ತಿಳಿಸಬೇಕು.

ಸತತ ಒಂದು ವಾರ ಬರದಿದ್ದರೆ ಮುಖ್ಯೋಪಾಧ್ಯಾಯರು ಪತ್ರ ಬರೆದು ಕೂಡಬಾರದು, ಅದೇ ವಾರ ಮನೆಗೆ ಹೋಗಬೇಕು. ಒಂಬತ್ತನೇ ತರಗತಿಯ ಹುಡುಗಿ ಪೂರ್ತಿ ಬಿಟ್ಟಳೆಂದರೆ ಮುಂದಿನ ಮಾತು ಮದುವೆಯದೇ ಆಗಿರುತ್ತದೆ.

ತೂಕದ_ತಕ್ಕಡಿ (ಅಂಗನವಾಡಿ ಮೇಲ್ವಿಚಾರಣೆ, ಗದಗ ಜಿಲ್ಲಾ)

ಕೂಸಿಂದು ನಾ ಹೇಳತೀನ್ರಿ. ತೂಕ ಒಂದ ನೋಡಿ ತೀರ್ಮಾನ ಮಾಡಬ್ಯಾಡ್ರಿ, ಎತ್ತರಕ್ಕ ತಕ್ಕ ತೂಕ ನೋಡ್ರಿ. ಆರು ತಿಂಗಳಿಂದ ಐದು ವರ್ಷದ ತನಕ ತೋಳಿನ ಪಟ್ಟಿನೂ ಹಾಕ್ರಿ. 11.5 ಸೆಂಟಿಮೀಟರಿಗಿಂತ ಕಡಿಮಿ ಬಂದ್ರ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗ ಬಂದ್ರ ಮಧ್ಯಮ. ಪಟ್ಟಿ ಎಡಗೈಗೆ, ಹೆಗಲಿಗೂ ಮೊಣಕೈಗೂ ನಟ್ಟನಡುವ ಹಾಕಬೇಕು. ಬಿಗಿ ಎಳದ್ರ ತಪ್ಪು ಬರತೈತಿ, ಅಂಗಿ ಮ್ಯಾಲೆ ಹಾಕಿದ್ರೂ ತಪ್ಪು. ಎರಡೂ ಪಾದದ ಮ್ಯಾಲೆ ಬೆರಳೊತ್ತಿ ನೋಡ್ರಿ. ಕುಣಿ ಬಿದ್ದು ಹಂಗ ಉಳೀತು ಅಂದ್ರ ಬಾವು. ಅವತ್ತ ಡಾಕ್ಟರ ಹಂತ್ಯಾಕ ಹೋಗಬೇಕು, ತೂಕ ಎಷ್ಟ ಇರಲಿ.

ತೀವ್ರ ಅಂತ ಬಂದ ಎಲ್ಲಾ ಕೂಸುಗಳನ್ನೂ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕ (ಆಸ್ಪತ್ರ್ಯಾಗ ಇಟ್ಟು ಉಪಚಾರ ಮಾಡೋ ಜಾಗ) ಕಳಸೋ ಅವಶ್ಯ ಇಲ್ಲ. ಹಸಿವು ಪರೀಕ್ಷಾದಾಗ (ಕೊಟ್ಟ ಆಹಾರ ತಿಂತೈತೇನು ಅಂತ ನೋಡೂದು) ಸರಿಯಾಗಿ ತಿಂದು, ಜ್ವರ, ಭೇದಿ, ಬಾವು ಯಾವೂ ಇರದಿದ್ರ ಊರಾಗ ನೋಡಿಕೊಳ್ಳಬಹುದು. ತಿನ್ನಲಿಲ್ಲ, ಇಲ್ಲಾ ಬ್ಯಾರೆ ತೊಡಕು ಐತಿ ಅಂದ್ರ ಕೇಂದ್ರನ ಬೇಕು.

ಕೇಂದ್ರದಾಗ ಸಾಮಾನ್ಯ 14 ದಿನ ಇರಬೇಕಾಗತೈತಿ, ಅವ್ವಗ ಕೂಲಿ ನಷ್ಟದ ಭತ್ತೆ ಅಂತ ಕೊಡ್ತಾರ. ಆದರೂ ನಾಲ್ಕನೇ ದಿನಕ್ಕ ಎದ್ದು ಬರ್ತಾರ. ಅವ್ವಗ ಕೂಸಿನ ಮ್ಯಾಲೆ ಮಾಯಾ ಇಲ್ಲ ಅಂತ ಬರೀಬ್ಯಾಡ್ರಿ. ಮನ್ಯಾಗ ಉಳಿದ ಎರಡು ಹುಡುಗರಿಗೆ ರೊಟ್ಟಿ ಬಡಿಯೋರು ಯಾರು? ರಾತ್ರಿ ಅವರ ಕೂಡ ಮಲಗೋರು ಯಾರು? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮ್ಯಾಲೇನ ಕೇಂದ್ರಕ್ಕ ಕಳಸ್ರಿ. ಅಜ್ಜಿ ಇಲ್ಲಾ ಸೋದರತ್ತಿ ಬಂದು ಇರಾಕ ಒಪ್ಪಿದ್ರ ಅವರ ಹೆಸರು ಹಾಳ್ಯಾಗ ಬರೀರಿ. ಬಿಡುಗಡಿ ಆದ ಮ್ಯಾಲೆ 15 ದಿನಕ್ಕ ಒಮ್ಮೆ ನಾಲ್ಕು ಸಲ ಮರುತಪಾಸಣಿ ಐತಿ. ಎರಡನೇದಕ್ಕನ ತಪ್ಪಸೂದು ಬಾಳ, ಬಸ್ಸಿನ ರೊಕ್ಕದ ಸಲುವಾಗಿ. ಅದನ್ನೂ ಮೊದಲ ಹಾಳ್ಯಾಗ ಹಾಕ್ರಿ.

ಅವ್ವನ ನಿದ್ದಿ, ಅಳು ಬಿಡಬ್ಯಾಡ್ರಿ. ತಾಲೂಕಾ ಆಸ್ಪತ್ರಿಯೊಳಗ ಮಂಗಳವಾರ ಮನಸ್ಸಿನ ತೊಂದ್ರಿ ನೋಡೋ ಮನೋಚೈತನ್ಯ ಕ್ಲಿನಿಕ್ ಇರತೈತಿ. ಫೋನಿನ ಮ್ಯಾಲೆ ಆದ್ರ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡ್ತಾರ. ಹೆಚ್ಚಿನದಕ್ಕ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್ ಐತಿ. 'ಹುಚ್ಚರ ದವಾಖಾನಿ' ಅನ್ನೋ ಮಾತಿಗೆ ಅಂಜತಾರ. ಆಶಾ ಜೋಡಿ ಹೋದ್ರ ಹೋಗ್ತಾರ.

ನಾಡಕಚೇರಿ_ಸಾಲು

ರೊಕ್ಕದ ಕ್ರಮ. ಎಲ್ಲಕ್ಕೂ ಮೊದಲು ಮರಣ ಪ್ರಮಾಣಪತ್ರ. ಅದಿಲ್ಲದೆ ವಿಧವಾ ವೇತನವೂ ಇಲ್ಲ, ಮಕ್ಕಳ ಪ್ರಾಯೋಜಕತ್ವವೂ (ಮಗು ಮನೆಯಲ್ಲೇ ಇದ್ದು ಓದಲು ಸಿಗುವ ತಿಂಗಳ ನೆರವು) ಮುಂದೆ ಹೋಗುವುದಿಲ್ಲ. 21 ದಿನದೊಳಗೆ ನೋಂದಣಿ ಸುಲಭ. ನೀವು ಹೇಳಿದ ಮನೆಯಲ್ಲಿ ಒಂದು ವರ್ಷ ದಾಟಿದೆ. ಮೊದಲು ಇದಕ್ಕೆ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಕೊಡಬಹುದು. ಹಳೇ ರೂಢಿಯಲ್ಲಿ ಇನ್ನೂ ಕೋರ್ಟಿಗೆ ಹೋಗಿ ಅನ್ನುವವರಿದ್ದಾರೆ, ಆ ತಾಯಿ ವಕೀಲರ ಫೀಗೆ ಅಂಜಿ ಅಲ್ಲಿಗೇ ಬಿಡುತ್ತಾಳೆ.

ನಂತರ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ಮೀರಬಾರದು. ಪ್ರಮಾಣಪತ್ರದಲ್ಲಿ ತೀರಿಹೋದ ಗಂಡನ ದುಡಿಮೆ ಸೇರಿಸಿ ಬರೆದಿದ್ದರೆ ಅಲ್ಲೇ ಅರ್ಜಿ ಬಿದ್ದುಹೋಗುತ್ತದೆ. ಕೈಗೆ ಬಂದ ದಿನವೇ ಅಂಕಿ ಓದಿ ನೋಡಿ. ಮಗುವಿನ ಹೆಸರು ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಶಾಲೆಯಲ್ಲಿ ಮನೆತನದ ಅಡ್ಡಹೆಸರು, ಆಧಾರಿನಲ್ಲಿ ಅಪ್ಪನ ಹೆಸರು, ಹೀಗೆ ಆಗಿರುವುದು ನಮ್ಮ ಕಡೆ ಬಹಳ.

ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಲ್ಲಿಂದ ಮನೆ ನೋಡಿ ವರದಿ ಮಾಡುತ್ತಾರೆ, ನಂತರ ಪ್ರಾಯೋಜಕತ್ವ ಅನುಮೋದನಾ ಸಮಿತಿಯ ಮುಂದೆ ಬರುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, 'ಮುಂದಿನ ತಿಂಗಳು ಬರತೈತಿ' ಅಂತ ತಾಯಿಗೆ ಮಾತು ಕೊಡಬೇಡಿ. ಮಂಜೂರಾದ ಮೇಲೂ ಮಗು 30 ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದರೆ ಹಣ ನಿಲ್ಲುತ್ತದೆ, ಹಾಸ್ಟೆಲಿಗೆ ಸೇರಿದರೂ ನಿಲ್ಲುತ್ತದೆ. ಅಂದರೆ ಆ ಹುಡುಗಿಯ ಗೈರು ಸರಿಪಡಿಸದೆ ಬರೀ ಅರ್ಜಿ ಹಾಕಿದರೆ ಬಂದ ಹಣವೂ ಕೈ ತಪ್ಪುತ್ತದೆ.

ಈ ನಡುವೆ ವಿಧವಾ ವೇತನ 800 ರೂಪಾಯಿ, ಗೃಹಲಕ್ಷ್ಮಿ 2,000. ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿ ಅತ್ತೆಯ ಖಾತೆಗೇ ಹೋಗುತ್ತದೆ. ಮನೆ ಬೇರೆ ಆಗಿದ್ದರೂ ಕಾರ್ಡ್ ಬೇರೆ ಆಗಿರುವುದಿಲ್ಲ, ಹೊಸ ಕಾರ್ಡಿನ ಅರ್ಜಿ ಸದಾ ತೆರೆದಿರುವುದೂ ಇಲ್ಲ. ತೆರೆದ ದಿನ ಹಾಕಲು ಕಾಗದ ತಯಾರಿರಲಿ.

ಪಂಚಾಯ್ತಿ_ಕಟ್ಟಿ

ಎಲ್ಲಾರಿಗೂ ಶರಣು. ಇನ್ನೆರಡು ಕೇಳತೀನಿ. ಸಮಿತಿಯ ವಾಟ್ಸಾಪ್ ಗ್ರೂಪಿನಾಗ ಇಂಥಾ ಮನಿ ಸುದ್ದಿ ಹಾಕಬಹುದೇನು? ಮತ್ತ ಅವ್ವ 'ನನ್ನ ಮಕ್ಕಳನ್ನ ಎತಗೊಂಡು ಹೋಗ್ತೀರಿ' ಅಂತ ಅಂಜಿ ಬ್ಯಾಡ ಅಂದ್ರ?

ಕರಿಕೋಟು_ಹುಬ್ಬಳ್ಳಿ

ಗ್ರೂಪಿಗೆ ಹಾಕಬೇಡಿ. ಹೆಸರು ಬೇಡ, ಫೋಟೊ ಅಂತೂ ಬೇಡವೇ ಬೇಡ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ, ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮದಲ್ಲಿ ಹೊರಗೆ ಬಂದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೂವತ್ತು ಜನರ ಗ್ರೂಪಿಗೆ ಹಾಕಿದ್ದು ಸಂಜೆಯೊಳಗೆ ಊರ ಕಟ್ಟೆಗೆ ಬಂದಿರುತ್ತದೆ. ಗ್ರೂಪಿನಲ್ಲಿ 'ಹಾಳೆ 7, ಶುಕ್ರವಾರ 11 ಗಂಟೆ, ನಾಲ್ವರು ಬನ್ನಿ' ಅಂತ ಹಾಕಿದರೆ ಸಾಕು. ಮಕ್ಕಳ ಗ್ರಾಮಸಭೆಯಲ್ಲೂ ಅಷ್ಟೇ, ಶೌಚಾಲಯ, ಬಸ್ಸು, ಬೀದಿದೀಪದ ಮಾತು ಅಲ್ಲಿ ಆಗಲಿ, ಒಂದು ಮನೆಯ ಮಾತು ಬೇಡ. ನಾಲ್ವರಲ್ಲೂ ಎಲ್ಲರಿಗೂ ಎಲ್ಲ ಗೊತ್ತಾಗಬೇಕಿಲ್ಲ. ತಾಯಿ ಮನೋಚೈತನ್ಯಕ್ಕೆ ಹೋಗುವುದನ್ನು ಶಾಲೆಗೆ ಹೇಳುವ ಕಾರಣವೇ ಇಲ್ಲ.

ಎರಡನೆಯದು. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಮಾರ್ಗ ಅಂತ ಅದೇ ಕಾಯ್ದೆಯ ಮೂಲ ತತ್ವಗಳಲ್ಲೇ ಇದೆ. ಬಡತನ ಒಂದೇ ಕಾರಣಕ್ಕೆ ಮಕ್ಕಳನ್ನು ಬಾಲಮಂದಿರಕ್ಕೆ ಕಳಿಸುವ ಸಲಹೆ ಯಾರೇ ಕೊಟ್ಟರೂ ಸಮಿತಿ ಒಪ್ಪಬಾರದು. ಇದನ್ನು ತಾಯಿಗೆ ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿ. ಆದರೂ ಬೇಡ ಅಂದರೆ ಬೇಡ. ಈ ಹಂತದ ನೆರವು ಅವಳ ಒಪ್ಪಿಗೆಯ ಮೇಲೆ ನಿಂತಿದೆ. ಅಂಗನವಾಡಿ, ಶಾಲೆ, ಆಶಾ ತಮ್ಮ ಎಂದಿನ ಭೇಟಿ ಮುಂದುವರಿಸಲಿ, ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ.

ಒಪ್ಪಿಗೆ ಕೇಳುತ್ತಾ ಕೂಡಬಾರದ ಪ್ರಸಂಗಗಳೂ ಇವೆ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಎಲ್ಲರ ಕರ್ತವ್ಯ, ತಿಳಿಸದಿದ್ದರೆ ಶಿಕ್ಷೆ ಇದೆ. ಸಮಿತಿ ಮೊದಲು ವಿಚಾರಿಸಿ ಖಾತ್ರಿ ಮಾಡಿಕೊಳ್ಳೋಣ ಅನ್ನುವುದೇ ದೊಡ್ಡ ತಪ್ಪು. ಮಗುವನ್ನು ನಾಲ್ಕು ಜನ ನಾಲ್ಕು ಸಲ ಕೇಳಿದರೆ ಅದು ಮಾತೇ ನಿಲ್ಲಿಸುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಮಗು ತಾನಾಗಿ ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು ತಿಳಿಸಿ. ಮಗುವಿಗೆ ನೋಡುವವರೇ ಇಲ್ಲ ಎಂದಾದರೆ 1098. 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮದುವೆಯ ತಯಾರಿ ಕಂಡರೆ ದಂಡಾಧಿಕಾರಿಯಿಂದ ತಡೆಯಾಜ್ಞೆ ತರಬಹುದು. ಲಗ್ನಪತ್ರಿಕೆ ಹಂಚುವ ಮೊದಲೇ ತಂದರೆ ಆ ಮನೆಗೂ ಮರ್ಯಾದೆ ಉಳಿಯುತ್ತದೆ, ಹಿಂದೆ ಸರಿಯುವುದು ಅವರಿಗೂ ಸುಲಭ.

ತೂಕದ_ತಕ್ಕಡಿ

ಒಂದ ಬಿಟ್ಟಿದ್ದೆ. ಗದಗ ಕಡೆ ತಾಂಡಾದ ಮಂದಿ ಸುಗ್ಗಿ ಮುಗದ ಮ್ಯಾಲೆ ಗೋವಾ, ಮಂಗಳೂರಿಗೆ ದುಡಿಯಾಕ ಹೋಗ್ತಾರ. ಹಾಳಿ ಇಲ್ಲೇ ಕಪಾಟಿನಾಗ ಉಳೀತೈತಿ, ಕೂಸು ಅಲ್ಲಿ. ಹೋಗೂ ಮುಂಚೆ ತಾಯಿ ಕಾರ್ಡು, ಕೂಸಿನ ಕೊನೀ ಅಳತಿ, ಹಾಳಿ ಪ್ರತಿ ಮೂರೂ ಒಂದ ಪ್ಲಾಸ್ಟಿಕ್ ಚೀಲದಾಗ ಹಾಕಿ ಅವ್ವನ ಕೈಯಾಗ ಕೊಡ್ರಿ, ಹೋಗೋ ಊರು ಮತ್ತ ಮೇಸ್ತ್ರಿ ಫೋನ್ ನಂಬರ್ ಬರಕೊಳ್ರಿ. ಸಾಲಿ ಹುಡುಗರಿಗೆ ಟಿಸಿ ತಡಾ ಆತು ಅಂತ ಎಂಟನೇತ್ತದ ತನಕ ಯಾವ ಸಾಲಿನೂ ಪ್ರವೇಶ ನಿರಾಕರಿಸೂ ಹಂಗಿಲ್ಲ. ಇದನ್ನೂ ಅವ್ವಗ ಹೇಳಿ ಕಳಸ್ರಿ.