ಅಪ್ಪನ ಇನ್‌ಫ್ರಾ ಫಂಡ್: ಶೇ. 30 ಬಂತೋ, ಶೇ. 7 ಬಂತೋ?

ಸಲಹೆಗಾರ್ತಿ, ಮಂಗಳೂರು: ಗುಂಪಿನ ಎಲ್ಲರಿಗೂ ನಮಸ್ಕಾರ. ಒಂಬತ್ತೂವರೆ ತನಕ ಇರುತ್ತೇನೆ. ಇವತ್ತು ವಿದ್ಯುತ್, ರಸ್ತೆ, ಬಂದರು ಕಂಪನಿಗಳಲ್ಲಿ ಹಣ ಹಾಕುವ ಇನ್‌ಫ್ರಾ ಫಂಡುಗಳ ಬಗ್ಗೆ ಮಾತ್ರ ಕೇಳಿ. ಫಂಡಿನ ಹೆಸರು ಹಾಕಬೇಡಿ.

ಸುರತ್ಕಲ್‌ನಿಂದ: ಮೇಡಂ, 15 ವರ್ಷ ಇಟ್ಟರೆ ನಷ್ಟ ಆಗುವುದೇ ಇಲ್ಲ ಅಂತಾರೆ. ಹೌದಾ?

ಸಲಹೆಗಾರ್ತಿ: ಅಲ್ಲ. ಇಂಥ ಕಂಪನಿಗಳ ಶೇರು ಬೆಲೆ ತೋರಿಸುವ ನಿಫ್ಟಿ ಇನ್‌ಫ್ರಾ ಸೂಚ್ಯಂಕ 2008ರ ಜನವರಿಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2023ರಲ್ಲಿ. ಡಿವಿಡೆಂಡ್ ಬಿಟ್ಟು ಹೇಳುತ್ತಿದ್ದೇನೆ. ಸೆನ್ಸೆಕ್ಸ್ ಅದೇ ಜನವರಿಯ ಎತ್ತರವನ್ನು 2013ರ ಕೊನೆಗೇ ದಾಟಿತ್ತು.

ಕುಂದಾಪುರದಿಂದ: ಹೊಸ ಎನ್‌ಎಫ್‌ಒ (ಹೊಸದಾಗಿ ಶುರುವಾಗುವ ಫಂಡ್) ಯೂನಿಟ್ಟಿಗೆ 10 ರೂಪಾಯಿಯಂತೆ ಸಿಗುತ್ತದೆ, ಹಳೆಯ ಫಂಡಿಗೆ 300. 10ರದ್ದೇ ಅಗ್ಗ ಅಲ್ವಾ?

ಸಲಹೆಗಾರ್ತಿ: ಅಲ್ಲ. ಯೂನಿಟ್ಟಿನ ಬೆಲೆ ಎಷ್ಟಿದ್ದರೂ ಒಳಗಿರುವ ಶೇರುಗಳು ಅಂಥವೇ. ಕಳೆದ ಸಲವೂ ಬರೆದಿದ್ದೆ.

ಕುವೈತ್‌ನಿಂದ (ಊರು ಮೂಲ್ಕಿ): ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರ ಊರಿನ ಬ್ಯಾಂಕ್ ಖಾತೆ) ಹಾಕಿದರೆ ಮಾರುವಾಗ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹೇಗೆ ಮೇಡಂ?

ಉಡುಪಿ, ಕುಂಜಿಬೆಟ್ಟಿನಿಂದ: ಮೇಡಂ, ಅಪ್ಪ ರಿಟೈರ್ ಆದ ಹೈಸ್ಕೂಲ್ ಮಾಸ್ಟ್ರು, ಈಗ 76. ಪೆನ್ಶನ್ ಹಣದಲ್ಲಿ 2 ಲಕ್ಷ ತೆಗೆದು 2008ರ ಜನವರಿಯಲ್ಲಿ ಒಂದು ಇನ್‌ಫ್ರಾ ಫಂಡಿಗೆ ಹಾಕಿದ್ದರು. ಮಾರ್ಚ್ 31 ಬಂತೆಂದರೆ ಅದರ ಬೆಲೆಯನ್ನು ಡೈರಿಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾರೆ. 2009ರಲ್ಲಿ 84,000. 2014ರಲ್ಲಿ 1,52,000. 2018ರಲ್ಲಿ 2,70,000. 2020ರಲ್ಲಿ 1,78,000. 2025ರಲ್ಲಿ 6,80,000. 84,000ದ ಕೆಳಗೆ ಎರಡು ಗೀಟು ಎಳೆದಿದ್ದಾರೆ, ಪುಟ ಹರಿಯುವಷ್ಟು. ಈಗ ತಮ್ಮ ಹೇಳುವುದು, ಐದು ವರ್ಷದಿಂದ ವರ್ಷಕ್ಕೆ ಶೇ. 30 ಬರುತ್ತಾ ಉಂಟು, ಅಪ್ಪನ 15 ಲಕ್ಷದ ಎಫ್‌ಡಿ ಮುರಿದು ಅದಕ್ಕೇ ಹಾಕುವ ಅಂತ. ಎಂತ ಮಾಡುವುದು?

ಸಲಹೆಗಾರ್ತಿ: ಅಕ್ಕ, ಎಫ್‌ಡಿ ಮುರಿಯಬೇಡಿ. ಮೊದಲು ಅದು. ಉಳಿದದ್ದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಅಪ್ಪನ ಆ ಒಂದು ಪುಟದಲ್ಲಿ ಇರುವಷ್ಟು ಸತ್ಯ ನಾನು ಯಾವ ಜಾಹೀರಾತಿನಲ್ಲೂ ನೋಡಿಲ್ಲ.

ತಮ್ಮನ ಲೆಕ್ಕ ತಪ್ಪಲ್ಲ. 1,78,000 ಐದು ವರ್ಷದಲ್ಲಿ 6,80,000 ಆಗಿದೆ. ವರ್ಷಕ್ಕೆ ಶೇ. 30ರ ಮೇಲೆಯೇ ಆಯಿತು. ಆದರೆ ಅವರು ಎಣಿಸಲು ಹಿಡಿದದ್ದು 2020ರ ಮಾರ್ಚಿನಿಂದ, ಕೊರೊನಾಕ್ಕೆ ಮಾರುಕಟ್ಟೆ ಬಿದ್ದ ತಿಂಗಳಿನಿಂದ. ಅಪ್ಪ ಹಣ ಹಾಕಿದ್ದು ಆವತ್ತಲ್ಲ. ಹಾಕಿದ ದಿನದಿಂದ ಎಣಿಸಿ. 2 ಲಕ್ಷ 17 ವರ್ಷದಲ್ಲಿ 6,80,000 ಆದರೆ ವರ್ಷಕ್ಕೆ ಶೇ. 7.4. ಫಂಡ್ ಅದೇ, ಕೊನೆಯ ದಿನವೂ ಅದೇ. ಶುರುವಿನ ದಿನ ಬದಲಾಯಿತು ಅಷ್ಟೇ.

ನಡುವೆ ಏನಾಯಿತು ನೋಡಿ. ಹನ್ನೆರಡು ವರ್ಷ ಕಾದ ಮೇಲೂ ಹಾಕಿದ 2 ಲಕ್ಷ ಪೂರ್ತಿ ಇರಲಿಲ್ಲ. 84,000 ಮತ್ತೆ 2 ಲಕ್ಷ ಆಗಬೇಕಾದರೆ ಶೇ. 138 ಏರಬೇಕು, ಬಿದ್ದದ್ದು ಶೇ. 58 ಮಾತ್ರ ಆದರೂ. ಇಂಥ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ. 80ನ್ನು ಅದೇ ಕ್ಷೇತ್ರದಲ್ಲಿ ಇಡಬೇಕೆಂಬುದು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮ. ಕ್ಷೇತ್ರವೇ ಮಲಗಿದರೆ ಮ್ಯಾನೇಜರ್ ಎಷ್ಟು ಜಾಣನಾದರೂ ಹೊರಗೆ ಓಡಲು ಆಗುವುದಿಲ್ಲ.

76ರ ಹಿರಿಯರಿಗೆ ಇನ್ನೊಂದು ಹನ್ನೆರಡು ವರ್ಷ ಕಾಯಿರಿ ಎಂದು ನಾನು ಹೇಗೆ ಹೇಳಲಿ?

ಈಗ ಇರುವ 6,80,000ವನ್ನು ತೆಗೆಯುವುದಾದರೆ ಒಟ್ಟಿಗೆ ತೆಗೆಯಬೇಡಿ. 2018ರ ಜನವರಿ 31ರ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ತನಕ ಆದ ಲಾಭಕ್ಕೆ ತೆರಿಗೆ ಇಲ್ಲ. ಅದರ ಮೇಲಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದ ತನಕ ಇಲ್ಲ, ಅದಕ್ಕಿಂತ ಜಾಸ್ತಿ ಆದದ್ದಕ್ಕೆ ಶೇ. 12.5. ಮೂರ್ನಾಲ್ಕು ಆರ್ಥಿಕ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ತೆಗೆಯಿರಿ.

ಬಿಜೈಯಿಂದ: ಫಾರ್ವರ್ಡ್ ಬಂದದ್ದು: “ತಿಂಗಳಿಗೆ 5,000 ಇನ್‌ಫ್ರಾ ಎಸ್‌ಐಪಿ, ಶೇ. 30ರಂತೆ 20 ವರ್ಷಕ್ಕೆ 7 ಕೋಟಿ! 10 ಜನರಿಗೆ ಕಳಿಸಿ.” ನಿಜವಾ ಮೇಡಂ?

ಸಲಹೆಗಾರ್ತಿ: ಮೇಲೆ ಅಷ್ಟು ಬರೆದದ್ದನ್ನು ಓದಿದಿರಾ? ಐದು ವರ್ಷದ ಶೇ. 30ನ್ನು 20 ವರ್ಷಕ್ಕೆ ಎಳೆದು ಬರೆದಿದ್ದಾರೆ. ಮಾಸ್ಟ್ರ ಶೇ. 7.4 ಹಾಕಿ ನೋಡಿ, ಅದೇ ಎಸ್‌ಐಪಿ 27 ಲಕ್ಷದ ಹತ್ತಿರ ನಿಲ್ಲುತ್ತದೆ. ಇಂಥದ್ದನ್ನು ನಂಬಿ ಮಗಳ ಮದುವೆ ಹಣ ಹಾಕಿದವರು ನನ್ನ ಎದುರು ಕೂತು ಅತ್ತಿದ್ದಾರೆ. ದಯವಿಟ್ಟು ಮುಂದೆ ಕಳಿಸಬೇಡಿ.

ತೊಕ್ಕೊಟ್ಟಿನಿಂದ: ಆದರೆ ದೇಶದ ತುಂಬ ರಸ್ತೆ ಆಗ್ತಾ ಉಂಟಲ್ಲ. ರಸ್ತೆ ಆದರೆ ಫಂಡ್ ಏರಲೇಬೇಕು.

ಕಂಕನಾಡಿಯಿಂದ: ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಮುಗಿಯಲು ಎಷ್ಟು ವರ್ಷ ಹಿಡಿಯಿತು ಅಣ್ಣ?

ತೊಕ್ಕೊಟ್ಟಿನಿಂದ: ಅದಕ್ಕೆ ಕಾರಣ ಯಾರು ಅಂತ ಹೇಳಬೇಕಾ ನಾನು?

ಕಂಕನಾಡಿಯಿಂದ: ಹೇಳಿ ಮಾರಾಯ್ರೆ. ದಿನಾ ಅರ್ಧ ಗಂಟೆ ಆ ಧೂಳಿನಲ್ಲಿ ನಿಂತವ ನಾನು.

ತೊಕ್ಕೊಟ್ಟಿನಿಂದ: ನಾನೇನು ಹೆಲಿಕಾಪ್ಟರಿನಲ್ಲಿ ಹೋಗುತ್ತಿದ್ದೆನಾ? ಸುಮ್ನೆ ಎಲ್ಲದಕ್ಕೂ ನಮ್ಮವರನ್ನೇ ಬೈಯುವುದು.

ಸಲಹೆಗಾರ್ತಿ: ಪಕ್ಷ ಬೇಡ. ಆದರೆ ಪಂಪ್‌ವೆಲ್ ಮಾತು ಬಂದದ್ದು ಒಳ್ಳೆಯದಾಯಿತು. ಹತ್ತು ವರ್ಷ ಎಳೆದು 2020ರ ಜನವರಿ 31ಕ್ಕೆ ಅದು ಓಡಾಟಕ್ಕೆ ತೆರೆಯಿತು. ಸಾಲ ತಂದು ಇಂಥ ಕೆಲಸ ಹಿಡಿದ ಕಂಪನಿಯನ್ನು ಯೋಚಿಸಿ. ಕೆಲಸ ನಿಂತರೂ ಬಡ್ಡಿ ನಿಲ್ಲುವುದಿಲ್ಲ. 2008ರ ನಂತರ ಬಹಳ ಕಡೆ ಆದದ್ದು ಇದೇ. ಜಾಗ ಸಿಗಲಿಲ್ಲ, ಸಾಲ ಬೆಳೆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ಗಣಿ ಹಂಚಿಕೆ ರದ್ದು ಮಾಡಿತು, ಅವನ್ನು ನಂಬಿದ್ದ ವಿದ್ಯುತ್ ಕಂಪನಿಗಳಿಗೆ ಪೆಟ್ಟು ಬಿತ್ತು. ರಸ್ತೆ ನಮಗೆ ಸಿಗಬಹುದು, ಶೇರು ಇಟ್ಟವನಿಗೆ ಲಾಭ ಸಿಗದೆಯೂ ಹೋಗಬಹುದು.

ಕಾರ್ಕಳದಿಂದ: ಇದಕ್ಕೆಲ್ಲ ನಮ್ಮ ಪಿಗ್ಮಿಯೇ ವಾಸಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಶುರು ಮಾಡಿತ್ತು. ದಿನಾ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಬಿಜೈಯಿಂದ: ಪಿಗ್ಮಿ ಬಡ್ಡಿಯಲ್ಲಿ ಈಗ ಬಂಗುಡೆ ಮೀನು ಬರುತ್ತದಾ?

ಕಾರ್ಕಳದಿಂದ: ನಮ್ಮ ಅಮ್ಮ ಬೀಡಿ ಕಟ್ಟಿ, ಪಿಗ್ಮಿ ತುಂಬಿಸಿಯೇ ನನ್ನ ಫೀಸ್ ಕಟ್ಟಿದ್ದು. ಮಾತು ನೋಡಿ ಆಡಿ.

ಕುಂದಾಪುರದಿಂದ: ಹಾಗಾದರೆ 10 ರೂಪಾಯಿಯ ಎನ್‌ಎಫ್‌ಒ ಬೇಡ್ವಾ?

ಸಲಹೆಗಾರ್ತಿ: ಬೇಡ.

ಉಡುಪಿ, ಅಂಬಲಪಾಡಿಯಿಂದ: ಮೇಲೆ ಹೇಳಿದ ತಮ್ಮ ನಾನೇ. ಅಕ್ಕ, ಮನೆಯ ವಿಷಯ ಗುಂಪಿನಲ್ಲಿ ಎಂತಕ್ಕೆ? ಮೇಡಂ, ನೀವು ಹೆದರಿಸುತ್ತೀರಿ. ಈಗ ಕಂಪನಿಗಳ ಸಾಲ ಕಡಿಮೆ ಆಗಿದೆ, 2008ರ ಹಾಗಿಲ್ಲ.

ಸಲಹೆಗಾರ್ತಿ: ಸಾಲ ಕಡಿಮೆ ಆಗಿರುವುದು ಹೌದು, ಒಪ್ಪುತ್ತೇನೆ. ಫಂಡ್ ಮುಂದೆ ಏರಲೂಬಹುದು. ನಿಮಗೆ ನಂಬಿಕೆ ಇದ್ದರೆ ನಿಮ್ಮ ಸಂಬಳದ ಹಣ ಹಾಕಿ, ನಾನು ತಡೆಯುವುದಿಲ್ಲ. ಅಪ್ಪನ ಔಷಧಿಯ ಹಣ ಬೇರೆ. 84,000ದ ಕೆಳಗೆ ಗೀಟು ಎಳೆದದ್ದು ಯಾಕೆಂದು ಅವರನ್ನು ಒಮ್ಮೆ ಕೇಳಿದ್ದೀರಾ?

ಕುಂಜಿಬೆಟ್ಟಿನಿಂದ: ಅಪ್ಪ ಇಲ್ಲೇ ಕೂತು ಓದುತ್ತಿದ್ದಾರೆ. ಆ ವರ್ಷ ಅಮ್ಮನ ಆಪರೇಶನ್‌ಗೆ ಹಣ ಬೇಕಿತ್ತಂತೆ. ತೆಗೆಯಲು ಮನಸ್ಸಾಗದೆ ಸೊಸೈಟಿಯಲ್ಲಿ ಸಾಲ ಮಾಡಿದ್ದರಂತೆ. ನಮಗೆ ಇಬ್ಬರಿಗೂ ಗೊತ್ತಿರಲಿಲ್ಲ.

ಸಲಹೆಗಾರ್ತಿ: ಸೋಮವಾರ ಮೂವರೂ ಬನ್ನಿ. ಡೈರಿ ತನ್ನಿ. ಅಪ್ಪನನ್ನು ಬಿಟ್ಟು ಬರಬೇಡಿ.

ಕುವೈತ್‌ನಿಂದ (ಊರು ಮೂಲ್ಕಿ): ಮೇಡಂ, ಒಂಬತ್ತೂವರೆ ಆಯಿತು. ನನ್ನ ಟಿಡಿಎಸ್ ಪ್ರಶ್ನೆ?