ಕಾಲೇಜು ರೇಡಿಯೋದಲ್ಲಿ ರಾತ್ರಿ 2ರಿಂದ 4ರ ಸ್ಲಾಟ್ ಸಿಕ್ಕಿದೆ. ಪಂಕ್ (ಒರಟು, ವೇಗದ ರಾಕ್), ನಾಯ್ಸ್ (ಬರೀ ಸದ್ದನ್ನೇ ಸಂಗೀತ ಮಾಡುವುದು) ಹಾಕುವವರು ಹಾಡಿನ ಮಧ್ಯೆ ಏನು ಮಾತಾಡುತ್ತೀರಿ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಈಗ ಕ್ಯಾಲಿಫೋರ್ನಿಯಾದಲ್ಲಿ ಎಂಎಸ್ ಓದುತ್ತಿದ್ದೇನೆ. ನಮ್ಮ ಕಾಲೇಜಿಗೆ ಸ್ವಂತ ಎಫ್‌ಎಂ ಸ್ಟೇಷನ್ ಇದೆ. ಒಂದು ಸೆಮಿಸ್ಟರ್ ಪೂರ್ತಿ ಅಲ್ಲಿ ರೆಕಾರ್ಡು ಜೋಡಿಸಿ, ಧೂಳು ಒರೆಸಿ, ಟ್ರೈನಿಂಗ್ ಮುಗಿಸಿದ ಮೇಲೆ ಕೊನೆಗೂ ನನಗೊಂದು ಸ್ಲಾಟ್ ಕೊಟ್ಟರು. ಬುಧವಾರ ಕಳೆದು ಗುರುವಾರ ಬೆಳಗಿನ ಜಾವ 2ರಿಂದ 4. ಹೊಸಬರಿಗೆ ಸಿಗುವುದು ಇದೇ ಹೊತ್ತು. ನನಗೇನೂ ಬೇಸರವಿಲ್ಲ. ಆಗ ಊರಲ್ಲಿ ಮಧ್ಯಾಹ್ನ ಎರಡೂವರೆ, ಅಮ್ಮ ಊಟ ಮುಗಿಸಿ ಫೋನಿನಲ್ಲಿ ಕೇಳಬಹುದು.

ಅಲ್ಲಿನ ಲೈಬ್ರರಿ ಬಗ್ಗೆ ಹೇಳಲೇಬೇಕು. ನೆಲದಿಂದ ಸೂರಿನವರೆಗೆ ಎಲ್‌ಪಿ, ಕ್ಯಾಸೆಟ್, ಸಿಡಿ. ಪ್ರತಿ ಕವರ್ ಮೇಲೂ ಒಂದು ಬಿಳಿ ಚೀಟಿ ಅಂಟಿಸಿದ್ದಾರೆ, ಹಳೇ ಡಿಜೆಗಳು ಕೈಯಲ್ಲಿ ಬರೆದದ್ದು. ಒಂದು ಹಾರ್ಡ್‌ಕೋರ್ (ಇನ್ನೂ ವೇಗದ ಪಂಕ್) ಸೆವೆನ್ ಇಂಚ್, ಅಂದರೆ ಸಣ್ಣ ರೆಕಾರ್ಡಿನ ಮೇಲೆ 1984ರ ತಾರೀಖು ಹಾಕಿ ಯಾರೋ ಬರೆದಿದ್ದಾರೆ: ಎ ಬದಿಯ ಮೂರನೆಯದು ತುಂಬಾ ಚೆನ್ನಾಗಿದೆ, ಎರಡನೆಯದರಲ್ಲಿ ಬೈಗುಳ ಇದೆ, ಹಗಲಲ್ಲಿ ಬೇಡ, ಕೊನೆಯದು ಮುಗಿದ ಹಾಗೆ ಅನಿಸಿ ಮತ್ತೆ ಶುರುವಾಗುತ್ತೆ, ಗಾಬರಿಯಾಗಬೇಡಿ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಇನ್ನೊಬ್ಬರು, ಇಲ್ಲ, ನಾಲ್ಕನೆಯದೇ ಒಳ್ಳೆಯದು ಅಂತ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅವರಿಬ್ಬರೂ ಜಗಳ ಆಡಿದ್ದಾರೆ. ನನಗೆ ನಾಲ್ಕನೆಯದೇ ಇಷ್ಟವಾಯಿತು.

ಈಗ ಪ್ರಶ್ನೆ. ಮೊದಲ ಶೋನಲ್ಲಿ ಒಂದೊಂದು ನಿಮಿಷದ ಪಂಕ್ ಹಾಡು ಏಳೆಂಟು ಹಾಕಿ, ಆಮೇಲೆ 18 ನಿಮಿಷದ ಒಂದು ಟೇಪ್ ಹಾಕಿದೆ, ಬರೀ ಫೀಡ್‌ಬ್ಯಾಕ್ (ಮೈಕ್, ಸ್ಪೀಕರ್ ಕಿರುಚುವ ಸದ್ದು) ಮತ್ತು ಮಳೆಯ ಸದ್ದು. ಒಂದೇ ಒಂದು ಫೋನ್ ಬಂತು, ನಿಮ್ಮ ಟ್ರಾನ್ಸ್‌ಮಿಟರ್ ಕೆಟ್ಟಿದೆಯಾ ಅಂತ ಕೇಳಲು. ಮನಸ್ಸಿಗೆ ಚುಚ್ಚಿತು. ಜೊತೆಯ ಡಿಜೆ ಒಬ್ಬರು, ಮಧ್ಯೆ ಮಧ್ಯೆ ಜನಕ್ಕೆ ಗೊತ್ತಿರುವ ಹಾಡು ಹಾಕು, ಇಲ್ಲದಿದ್ದರೆ ಓಡಿಹೋಗುತ್ತಾರೆ ಅಂದರು. ಹಾಕಬೇಕಾ? ಮೈಕ್ ತೆರೆದಾಗ ಏನು ಹೇಳಬೇಕು? ನಾಲ್ಕು ಮಾತು ಕನ್ನಡದಲ್ಲಿ ಆಡಿದರೆ ತಪ್ಪಾ?

ಕ್ಯಾಸೆಟ್‌ಪೆಟ್ಟಿಗೆ:

ತಂಗಿ, ಗೊತ್ತಿರುವ ಹಾಡು ಹಾಕಬೇಡ. ಅದಕ್ಕೆ ಬೇರೆ ಸ್ಟೇಷನ್‌ಗಳು ಬೇಕಾದಷ್ಟಿವೆ. ಅಮೆರಿಕದ ಎಫ್‌ಎಂನಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ಜಾಹೀರಾತು ಮಾರದ ಸ್ಟೇಷನ್‌ಗಳಿಗೆ ಅಂತಲೇ ಮೀಸಲಿಟ್ಟಿದ್ದಾರೆ. ಕೇಳುಗರು ಕಡಿಮೆಯಾದರೆ ಜಾಹೀರಾತು ಹೋಗುತ್ತೆ ಅನ್ನುವ ಭಯ ಅಲ್ಲಿ ಇಲ್ಲ. ಆ ಸ್ವಾತಂತ್ರ್ಯ ಕೈಯಲ್ಲಿದ್ದೂ ಬಳಸದಿದ್ದರೆ ಹೇಗೆ?

ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಇಪ್ಪತ್ತು ವರ್ಷ ದಾಟಿತು. ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜಿನ ಸ್ಟೇಷನ್ ಕೆಎಫ್‌ಜೆಸಿ, 89.7, ನಮ್ಮ ಕಡೆ ಚೆನ್ನಾಗಿ ಸಿಗುತ್ತೆ. 1983ರಲ್ಲಿ ಒಂದೇ ಹಾಡಿನ 800ಕ್ಕೂ ಹೆಚ್ಚು ಆವೃತ್ತಿಗಳನ್ನು 63 ಗಂಟೆ ಸತತವಾಗಿ ಹಾಕಿದವರು ಅವರು. ನಾನು ಬಂದ ಹೊಸದರಲ್ಲಿ ಒಂದು ರಾತ್ರಿ ಆಫೀಸಿನಿಂದ ಮನೆಗೆ ಬರುವಾಗ ಅದರಲ್ಲಿ ಏನೋ ಕೊರೆಯುವ ಸದ್ದು. ರೇಡಿಯೋ ಹಾಳಾಯಿತು ಅಂದುಕೊಂಡೆ. ಆಫ್ ಮಾಡಲು ಕೈ ಹಾಕಿದೆ. ಅಷ್ಟರಲ್ಲಿ ಆ ಸದ್ದಿನ ಒಳಗೆ ಇನ್ನೊಂದು ಸದ್ದು ಕೇಳಿತು, ದೂರದಲ್ಲಿ ನಾದಸ್ವರ ಊದಿದ ಹಾಗೆ. ಮನೆ ಮುಂದೆ ಕಾರು ನಿಲ್ಲಿಸಿ ಮುಗಿಯುವವರೆಗೆ ಕೂತಿದ್ದೆ. ಮುಗಿದ ಮೇಲೆ ಡಿಜೆ ಆರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಓದಿ ಮುಂದಕ್ಕೆ ಹೋದರು. ನನಗೆ ಒಂದೂ ಸಿಗಲಿಲ್ಲ. ಆಗ ಫೋನಿನಲ್ಲಿ ಹುಡುಕುವ ಕಾಲವೂ ಅಲ್ಲ. ಆ ಸಂಗೀತ ಯಾವುದು ಅಂತ ಇವತ್ತಿಗೂ ಹುಡುಕುತ್ತಿದ್ದೇನೆ.

ಹಾಗಾಗಿ ಮೈಕ್‌ನಲ್ಲಿ ಏನು ಹೇಳಬೇಕು ಅಂತ ಕೇಳಿದೆಯಲ್ಲ, ಹೆಸರು ಹೇಳು. ನಿಧಾನವಾಗಿ, ಎರಡು ಸಲ. ಬ್ಯಾಂಡ್ ಯಾವುದು, ಯಾವ ಊರಿನದು, ಯಾವ ವರ್ಷದ್ದು. ನಿನಗೆ ಯಾಕೆ ಇಷ್ಟ ಅಂತ ಒಂದು ಮಾತು. ಅಷ್ಟು ಸಾಕು. ಇದು ಸ್ವಲ್ಪ ವಿಚಿತ್ರವಾಗಿದೆ, ಸಹಿಸಿಕೊಳ್ಳಿ ಅಂತ ಮಾತ್ರ ಯಾವತ್ತೂ ಹೇಳಬೇಡ.

ಕೇಳುವವರು ಒಬ್ಬರೇ ಇರಲಿ. ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಡಬ್ಲ್ಯೂಜಿಟಿಬಿ ಅಂತ ಒಂದು ಸ್ಟೇಷನ್ ಇತ್ತು, ಪಂಕ್ ಹಾಕುತ್ತಿದ್ದರು. ಆಡಳಿತ ಅದನ್ನು ಮುಚ್ಚಿ ಪರವಾನಗಿಯನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ಬರೀ 1 ಡಾಲರ್‌ಗೆ ಕೊಟ್ಟುಬಿಟ್ಟಿತು. 1979ರ ಫೆಬ್ರವರಿಯಲ್ಲಿ ಸ್ಟೇಷನ್ ಪರವಾಗಿ ಅದೇ ಕ್ಯಾಂಪಸ್ಸಿನಲ್ಲಿ ದಿ ಕ್ರ್ಯಾಂಪ್ಸ್ ಬ್ಯಾಂಡ್ ನುಡಿಸಿತು. ಕೇಳಲು ಬಂದವರಲ್ಲಿ 16 ವರ್ಷದ ಇಯಾನ್ ಮಕಾಯ್ ಇದ್ದರು. ಅವರು ನೋಡಿದ ಮೊದಲ ಪಂಕ್ ಶೋ ಅದು. ಮರುವರ್ಷ ಗೆಳೆಯರ ಜೊತೆ ಸೇರಿ ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಶುರು ಮಾಡಿದರು, ಆಮೇಲೆ ಮೈನರ್ ಥ್ರೆಟ್, ಫುಗಾಜಿ ಬ್ಯಾಂಡ್‌ಗಳು. ಸ್ಟೇಷನ್ ಮುಚ್ಚಿತು, ಆದರೆ ಅದು ಹಂಚಿದ್ದು ಎಲ್ಲಿಗೋ ಹೋಗಿ ಮುಟ್ಟಿತು ಅಲ್ವಾ.

ಫೇಡರ್‌ಮೇಲೆ:

ಮೇಲಿನವರು ಹೇಳಿದ್ದು ಸರಿ. ನಾನು ಎರಡು ವರ್ಷ ಇನ್ನೊಂದು ರಾಜ್ಯದ ಕಾಲೇಜು ರೇಡಿಯೋದಲ್ಲಿ ಇದ್ದೆ, ನಿಯಮದ ವಿಷಯ ಮಾತ್ರ ಹೇಳುತ್ತೇನೆ.

ಬೈಗುಳ ಇರುವ ಹಾಡಿಗೆ ನಿಮ್ಮ ಹೊತ್ತೇ ಒಳ್ಳೆಯದು. ಎಫ್‌ಸಿಸಿ (ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ) ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಡಿಲ. ಪೂರ್ತಿ ಅಶ್ಲೀಲ ಅನ್ನಿಸಿಕೊಳ್ಳುವಂಥದ್ದು ಮಾತ್ರ ಯಾವ ಹೊತ್ತಿನಲ್ಲೂ ಇಲ್ಲ. ಕೆಲವು ಕಾಲೇಜುಗಳು ಇನ್ನೂ ಬಿಗಿಯಾದ ನಿಯಮ ಇಟ್ಟುಕೊಂಡಿರುತ್ತವೆ, ಮೊದಲು ಕೇಳಿಕೊಳ್ಳಿ. ಗಂಟೆಗೊಮ್ಮೆ ಸ್ಟೇಷನ್ ಹೆಸರಿನ ಅಕ್ಷರಗಳು, ಅದರ ಬೆನ್ನಿಗೇ ಊರಿನ ಹೆಸರು ಹೇಳಬೇಕು. ಆದರೆ ಸರಿಯಾಗಿ 3 ಗಂಟೆಗೆ ಟೇಪ್ ಕತ್ತರಿಸುವ ಅಗತ್ಯವಿಲ್ಲ. ಗಂಟೆಯ ಆಸುಪಾಸಿನಲ್ಲಿ ಸಹಜವಾಗಿ ಒಂದು ಬಿಡುವು ಬಂದಾಗ ಹೇಳಿದರೆ ಸಾಕು. ನಾನು ಇದು ಗೊತ್ತಿಲ್ಲದೆ ಒಂದು ಸಲ ಎಷ್ಟು ಚೆಂದದ ಡ್ರೋನ್ (ಒಂದೇ ಸ್ವರ ಎಳೆಯುವ ಸಂಗೀತ) ಒಂದನ್ನು ಅರ್ಧಕ್ಕೇ ಇಳಿಸಿಬಿಟ್ಟೆ, ಇವತ್ತಿಗೂ ಆ ಬೇಸರ ಹೋಗಿಲ್ಲ. ಕನ್ನಡದಲ್ಲಿ ಮಾತಾಡಲು ಯಾವ ಅಡ್ಡಿಯೂ ಇಲ್ಲ.

ಇಂಟರ್ನೆಟ್‌ನಲ್ಲೂ ಶೋ ಹೋಗುತ್ತಿದ್ದರೆ ಇನ್ನೊಂದು ಲೆಕ್ಕ ಇದೆ. 3 ಗಂಟೆಯ ಅವಧಿಯಲ್ಲಿ ಒಂದೇ ಆಲ್ಬಮ್‌ನಿಂದ 3ಕ್ಕಿಂತ ಹೆಚ್ಚು ಹಾಡು ಹಾಕುವ ಹಾಗಿಲ್ಲ, ಅದರಲ್ಲೂ 2ಕ್ಕಿಂತ ಹೆಚ್ಚು ಒಂದರ ಹಿಂದೆ ಒಂದು ಬರಬಾರದು. 40 ಸೆಕೆಂಡಿನ ಹಾರ್ಡ್‌ಕೋರ್ ಹಾಕುವವರಿಗೆ ಇದು ಕಷ್ಟ. ಹಕ್ಕು ಬ್ಯಾಂಡಿನವರ ಕೈಯಲ್ಲೇ ಇದ್ದರೆ ಅವರಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ, ಸುಮ್ನೆ ಒಂದು ಮೇಲ್ ಹಾಕಿದರೆ ಹೆಚ್ಚಿನವರು ಖುಷಿಯಿಂದ ಕೊಡುತ್ತಾರೆ. ರೆಕಾರ್ಡ್ ಆದ ಶೋವನ್ನು ಇಂಟರ್ನೆಟ್‌ನಲ್ಲಿ ಇಡುವುದಕ್ಕೂ ಮಿತಿ ಇದೆ. ಆಮೇಲೆ ಉಳಿಯುವುದು ಪ್ಲೇಲಿಸ್ಟ್ ಒಂದೇ. ಹೆಸರುಗಳನ್ನು ಅಕ್ಷರ ತಪ್ಪಿಲ್ಲದೆ ಬರೆದಿಡಿ.

ಕರಾವಳಿಕಿವಿ:

ಅಕ್ಕ, ನಾನು ಮಂಗಳೂರಿನಿಂದ. ಇಲ್ಲಿ ಸೇಂಟ್ ಅಲೋಶಿಯಸ್‌ನ ರೇಡಿಯೋ ಸಾರಂಗ್ 107.8 ಕೇಳುತ್ತಾ ಬೆಳೆದವನು, ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಕಡೆ ಕೇಳಬಹುದು. ನಮ್ಮ ದೇಶದಲ್ಲಿ ಕ್ಯಾಂಪಸ್ ರೇಡಿಯೋ ಶುರುವಾಗಿದ್ದೇ 2004ರಲ್ಲಿ, ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಿಂದ. ಇಲ್ಲಿ ಅದು ಸಮುದಾಯ ರೇಡಿಯೋ ಲೆಕ್ಕದಲ್ಲಿ ಬರುತ್ತದೆ, ಸಣ್ಣ ಟ್ರಾನ್ಸ್‌ಮಿಟರ್, ಹತ್ತು ಕಿಲೋಮೀಟರ್ ಒಳಗಿನ ಜನ, ಮೀನುಗಾರರ ಮಾತು, ಆರೋಗ್ಯ, ಕೃಷಿ. ಅದು ಬೇಕೇ ಬೇಕು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಫೀಡ್‌ಬ್ಯಾಕ್ ಹಾಕುವ ಜಾಗ ನಮಗೆ ಸಿಕ್ಕಿಲ್ಲ. ನಿಮಗೆ ಸಿಕ್ಕಿದೆ. ದಯವಿಟ್ಟು ಇಲ್ಲಿಯದನ್ನೂ ಹಾಕಿ.

ಅಹಮದಾಬಾದಿನ ವಿನ್ಯಾಸ ಕಾಲೇಜು ಎನ್‌ಐಡಿಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಬಂದಿತ್ತು, ನ್ಯೂಯಾರ್ಕಿನ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಇವರೆಲ್ಲ ಅಲ್ಲಿ ಮಾಡಿದ ಟೇಪುಗಳು ಕಪಾಟಿನಲ್ಲೇ ಇದ್ದವು. ಪಾಲ್ ಪರ್ಗಾಸ್ ಅನ್ನುವವರು ಹುಡುಕಿ ತೆಗೆದರು, 2023ರಲ್ಲಿ ರೆಕಾರ್ಡಾಗಿ ಬಂತು. ಅದನ್ನು ಹಾಕಿ, ಪಕ್ಕದಲ್ಲೇ ಮುಂಬೈನ ಹಾರ್ಡ್‌ಕೋರ್ ಬ್ಯಾಂಡ್ ಡೆತ್ ಬೈ ಫಂಗೈ ಹಾಕಿ. ಗುರುವಾರ ಮಧ್ಯಾಹ್ನ ಎರಡೂವರೆಗೆ ನಾನೂ ಕೇಳುತ್ತೇನೆ, ಇನ್ನು ನಿಮಗೆ ಅಮ್ಮನ ಜೊತೆ ನಾನೂ ಸೇರಿ ಇಬ್ಬರು.

ರಾತ್ರಿಪಾಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಎರಡನೇ ಶೋ ಆಯಿತು. ಗೊತ್ತಿರುವ ಹಾಡು ಒಂದೂ ಹಾಕಲಿಲ್ಲ. ಪ್ರತಿ ಸೆಟ್ ಆದ ಮೇಲೆ ಹೆಸರುಗಳನ್ನು ಎರಡು ಸಲ ಹೇಳಿದೆ, ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಎನ್‌ಐಡಿ ಟೇಪಿನಿಂದ ಎರಡು ಹಾಕಿದೆ. ಫೋನ್ ಬರಲಿಲ್ಲ. ಅಮ್ಮ ಮಾತ್ರ ಮೆಸೇಜ್ ಕಳಿಸಿದ್ದಾರೆ, ಆ ಎರಡನೆಯದು ಹಿಟ್ಟಿನ ಗಿರಣಿ ಸದ್ದಿನ ಹಾಗೆ ಇತ್ತು, ಆದರೂ ಪೂರ್ತಿ ಕೇಳಿದೆ ಅಂತ.

ಹೊರಡುವ ಮೊದಲು ಆ 1984ರ ಸೆವೆನ್ ಇಂಚ್ ತೆಗೆದು, ಹಸಿರು ಶಾಯಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ನನ್ನದೂ ಒಂದು ಸಾಲು ಬರೆದೆ. ನಾಲ್ಕನೆಯದೇ ಒಳ್ಳೆಯದು, ಅಂತ ಕನ್ನಡದಲ್ಲಿ. ಮುಂಬೈ ಬ್ಯಾಂಡಿನವರಿಗೆ ಮೇಲ್ ಹಾಕಿದ್ದೇನೆ, ಒಪ್ಪಿಗೆ ಬಂದರೆ ಮುಂದಿನ ವಾರ ನಾಲ್ಕೈದು ಹಾಡು ಒಟ್ಟಿಗೆ ಹಾಕುತ್ತೇನೆ. ಸನ್ನಿವೇಲ್ ಅಣ್ಣ, ಆ ರಾತ್ರಿ ಕೇಳಿದ ಸದ್ದು ಯಾವ ವರ್ಷದ್ದು ಅಂತ ಅಂದಾಜು ಹೇಳಿ, ನಮ್ಮ ಲೈಬ್ರರಿಯಲ್ಲೂ ಹುಡುಕಿ ನೋಡುತ್ತೇನೆ.