ಪದಚರ್ಚೆ: 1965ರ ನಂತರವೂ ಅದು ‘ಪಂದ್ಯಾವಳಿ’ಯೇ?

ಎಲ್ಲರಿಗೂ ಚಿಕ್ಕಮಗಳೂರಿನಿಂದ ನಮಸ್ಕಾರ.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಬರಹಗಳನ್ನು ತಿದ್ದುವ ಕೆಲಸ ಕೆಲವು ವರ್ಷಗಳಿಂದ ನನ್ನದು. ಈ ಸಲ ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬ ಅಮೆರಿಕದ ಕಾಲೇಜು ಗಾಲ್ಫಿನ ಇತಿಹಾಸದ ಬಗ್ಗೆ ಆರು ಪುಟ ಬರೆದುಕೊಟ್ಟಿದ್ದಾನೆ. ರಜೆಯ ದಿನಗಳಲ್ಲಿ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುವವನು ಅವನು. ಆಟವನ್ನು ಹತ್ತಿರದಿಂದ ಬಲ್ಲ. ಬರಹದಲ್ಲಿ ಹುರುಪಿದೆ, ವಿಷಯವೂ ಗಟ್ಟಿಯಾಗಿದೆ. ಆದರೆ ‘1897ರಲ್ಲಿ ಮೊದಲ ಅಂತರ ಕಾಲೇಜು ಗಾಲ್ಫ್ ಪಂದ್ಯಾವಳಿ ನಡೆಯಿತು’ ಎಂಬ ಮೊದಲ ವಾಕ್ಯದಲ್ಲೇ ನಾನು ನಾಲ್ಕು ದಿನಗಳಿಂದ ನಿಂತಿದ್ದೇನೆ.

‘ಪಂದ್ಯ’ಕ್ಕೆ ‘ಆವಳಿ’ ಸೇರಿದರೆ ಪಂದ್ಯಗಳ ಸಾಲು. ದೀಪಗಳ ಸಾಲು ದೀಪಾವಳಿಯಾದ ಹಾಗೆ. ಕಬಡ್ಡಿಗೆ, ಟೆನಿಸ್‌ಗೆ ಈ ಪದ ಚೆನ್ನಾಗಿ ಹೊಂದುತ್ತದೆ: ಇಬ್ಬರು ಅಥವಾ ಎರಡು ತಂಡಗಳು ಎದುರಾಗುತ್ತವೆ, ಸೋತವರು ಹೊರಡುತ್ತಾರೆ, ಗೆದ್ದವರು ಮುಂದಿನ ಪಂದ್ಯಕ್ಕೆ ಹೋಗುತ್ತಾರೆ. ಗಾಲ್ಫಿನಲ್ಲಿ ಹೀಗೆ ಆಡುವುದೂ ಉಂಟು, ಹೀಗೆ ಆಡದಿರುವುದೂ ಉಂಟು. ನನ್ನ ಕಷ್ಟವೆಲ್ಲ ಈ ಎರಡನೆಯದರದ್ದು.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನವರು ಸ್ಟ್ರೋಕ್ ಪ್ಲೇ ಎನ್ನುವ ಕ್ರಮದಲ್ಲಿ ಎಲ್ಲ ಆಟಗಾರರೂ ಇಡೀ ಮೈದಾನವನ್ನು ಆಡಿ ಮುಗಿಸುತ್ತಾರೆ, ಕೊನೆಗೆ ಒಟ್ಟು ಹೊಡೆತ ಯಾರದು ಕಡಿಮೆಯೋ ಅವರು ಗೆದ್ದಂತೆ. ಮ್ಯಾಚ್ ಪ್ಲೇ ಎನ್ನುವುದರಲ್ಲಿ ಇಬ್ಬರೇ ಎದುರುಬದುರು. ಚೆಂಡನ್ನು ಮೊದಲು ಹೊಡೆಯುವ ಜಾಗದಿಂದ ಅದು ಬೀಳಬೇಕಾದ ತೂತಿನವರೆಗಿನ ಹಾದಿಗೆ ಹೋಲು ಎನ್ನುತ್ತಾರೆ. ಒಂದೊಂದು ಹೋಲನ್ನು ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸಿದರೋ ಆ ಹೋಲು ಅವರದು. ಹೆಚ್ಚು ಹೋಲು ಗೆದ್ದವರಿಗೆ ಜಯ. ಮೂರು ಹೋಲುಗಳನ್ನಷ್ಟೇ ತೆಗೆದುಕೊಳ್ಳೋಣ. ಒಬ್ಬನು 4, 4, 4 ಹೊಡೆತಗಳಲ್ಲಿ, ಇನ್ನೊಬ್ಬನು 3, 3, 8 ಹೊಡೆತಗಳಲ್ಲಿ ಮುಗಿಸುತ್ತಾನೆ. ಹೊಡೆತಗಳನ್ನು ಕೂಡಿದರೆ 12ಕ್ಕೆ ಎದುರು 14, ಮೊದಲನೆಯವನು ಗೆದ್ದ. ಹೋಲುಗಳನ್ನು ಎಣಿಸಿದರೆ ಎರಡನೆಯವನು 2–1ರಿಂದ ಗೆದ್ದ. ಆಟ ಅದೇ, ಹೊಡೆತಗಳೂ ಅವೇ. ಲೆಕ್ಕ ಬದಲಾದರೆ ಗೆದ್ದವನೇ ಬದಲಾಗುತ್ತಾನೆ.

ಕಾಲೇಜು ಗಾಲ್ಫಿನ ಇತಿಹಾಸ ನಿಂತಿರುವುದೇ ಈ ಎರಡು ಲೆಕ್ಕಗಳ ಮೇಲೆ. ನ್ಯೂಯಾರ್ಕ್ ರಾಜ್ಯದ ಆರ್ಡ್ಸ್‌ಲಿಯಲ್ಲಿ 1897ರಲ್ಲಿ ಮೊದಲ ಸಲ ಕಾಲೇಜುಗಳು ಸೇರಿದಾಗ ತಂಡದ ಪ್ರಶಸ್ತಿ ಯೇಲ್‌ಗೆ ಬಂತು, ವೈಯಕ್ತಿಕ ಪ್ರಶಸ್ತಿ ಪ್ರಿನ್ಸ್‌ಟನ್ನಿನ ಲೂಯಿಸ್ ಬೇಯಾರ್ಡ್‌ಗೆ. 1939ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಅದನ್ನು ವಹಿಸಿಕೊಂಡಿತು. 1964ರವರೆಗೂ ವೈಯಕ್ತಿಕ ಪ್ರಶಸ್ತಿ ತೀರ್ಮಾನವಾಗುತ್ತಿದ್ದುದು ಇಬ್ಬರಿಬ್ಬರ ಹಣಾಹಣಿಯಲ್ಲಿ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾಕ್ ನಿಕ್ಲಾಸ್ 1961ರಲ್ಲಿ ಗೆದ್ದದ್ದು ಹಾಗೆಯೇ. ಅಲ್ಲಿಯವರೆಗೆ ‘ಪಂದ್ಯಾವಳಿ’ ಎಂದರೆ ನನ್ನ ತಕರಾರಿಲ್ಲ.

1965ರಿಂದ ಹೊಡೆತಗಳ ಲೆಕ್ಕ ಬಂತು. ಆಗ ಒಬ್ಬನಿಗೆ ಇನ್ನೊಬ್ಬ ಎದುರಾಳಿ ಎಂಬುದೇ ಇಲ್ಲವಾಯಿತು. 1972ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಬೆನ್ ಕ್ರೆನ್‌ಶಾ ಮತ್ತು ಟಾಮ್ ಕೈಟ್ ಜಂಟಿಯಾಗಿ ಪ್ರಶಸ್ತಿ ಪಡೆದರು. ಇಬ್ಬರೇ ಎದುರುಬದುರು ನಿಲ್ಲುವ ಫೈನಲ್‌ನಲ್ಲಿ ಒಬ್ಬನು ಸೋಲಲೇಬೇಕು. ಹೊಡೆತಗಳ ಲೆಕ್ಕದಲ್ಲಿ ಇಬ್ಬರ ಮೊತ್ತವೂ ಸಮನಾಗಬಹುದು. 1996ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ ಟೈಗರ್ ವುಡ್ಸ್ ಗೆದ್ದಾಗಲೂ ಅವರು ಯಾವ ‘ಪಂದ್ಯ’ವನ್ನೂ ಗೆಲ್ಲಲಿಲ್ಲ, ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದರು, ಅಷ್ಟೇ. ಪಂದ್ಯವೇ ಇಲ್ಲದ ಕಡೆ ಪಂದ್ಯಗಳ ಸಾಲು ಎಲ್ಲಿಂದ ಬರಬೇಕು? 2009ರಿಂದ ಮತ್ತೆ ತಿರುವು: ಹೊಡೆತಗಳ ಲೆಕ್ಕದಲ್ಲಿ ಮೇಲಿನ ಎಂಟು ತಂಡಗಳನ್ನು ಆರಿಸಿ, ಅವುಗಳ ನಡುವೆ ಎದುರುಬದುರು ಆಡಿಸಿ ತಂಡದ ಪ್ರಶಸ್ತಿ ಕೊಡುತ್ತಾರೆ. ಅಂದರೆ ಒಂದೇ ಸ್ಪರ್ಧೆಯ ಮೊದಲರ್ಧ ಪಂದ್ಯಾವಳಿಯಲ್ಲ, ಉತ್ತರಾರ್ಧ ಪಂದ್ಯಾವಳಿ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಬರುವುದು ನ್ಯಾಯವೂ ಹೌದು. ಕುದುರೆ ಪಂದ್ಯದಲ್ಲಿ ಹತ್ತು ಕುದುರೆಗಳು ಓಡುತ್ತವಲ್ಲ, ಅದನ್ನೂ ಪಂದ್ಯ ಎನ್ನುತ್ತೇವಲ್ಲ? ನಿಜ. ತೆಲುಗಿನ ‘ಪಂದೆಂ’, ತಮಿಳಿನ ‘ಪಂದಯಂ’ ಎರಡರಲ್ಲೂ ಬಾಜಿಯ ಅರ್ಥ ಇಂದಿಗೂ ಜೀವಂತವಾಗಿದೆ. ನಮ್ಮಲ್ಲೂ ‘ಪಂದ್ಯ ಕಟ್ಟುವುದು’ ಎಂದರೆ ಬಾಜಿ ಕಟ್ಟುವುದೇ. ಆ ಅರ್ಥದಲ್ಲಿ ಎಷ್ಟು ಜನ ಸ್ಪರ್ಧಿಸಿದರೂ ಪಂದ್ಯವೇ. ಆದರೆ ಪತ್ರಿಕೆಗಳ ಕ್ರೀಡಾಪುಟ ಈ ಪದವನ್ನು ಇಬ್ಬರ ಎದುರಾಟಕ್ಕೆ ಬಿಗಿಮಾಡಿ ಬಹಳ ಕಾಲವಾಯಿತು. ಇಂದಿನ ಓದುಗನಿಗೆ ‘ಪಂದ್ಯ’ ಎಂದೊಡನೆ ‘ಯಾರ ವಿರುದ್ಧ?’ ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಇಡೀ ಸ್ಪರ್ಧೆಗೆ ‘ಕೂಟ’ ಎನ್ನುವುದು ನನಗೆ ಹಿತವಾಗಿ ಕೇಳುತ್ತದೆ. ಕ್ರೀಡಾಕೂಟದಲ್ಲಿ ಓಟವೂ ಇದೆ, ಕಬಡ್ಡಿಯೂ ಇದೆ, ಎರಡು ಬಗೆಯ ಲೆಕ್ಕವೂ ಅದರಲ್ಲಿ ಅಡಗುತ್ತದೆ. ‘ಚಾಂಪಿಯನ್‌ಶಿಪ್’ ತಪ್ಪಲ್ಲ, ಆದರೂ ಕನ್ನಡದ ಪದ ಕೈಗೆ ಸಿಗುವಾಗ ಅದನ್ನು ದಾಟಿ ಹೋಗಲು ಮನಸ್ಸು ಬರುವುದಿಲ್ಲ.

ಇನ್ನು ‘ಹೋಲ್’. ನೆಲದಲ್ಲಿ ತೋಡಿದ ನಾಲ್ಕೂಕಾಲು ಅಂಗುಲದ ತೂತಿಗೂ ಅದೇ ಹೆಸರು, ಚೆಂಡನ್ನು ಮೊದಲು ಹೊಡೆಯುವ ಜಾಗದಿಂದ ಆ ತೂತಿನವರೆಗಿನ ನೂರಾರು ಗಜಗಳ ಹಾದಿಗೂ ಅದೇ ಹೆಸರು. ಹುಡುಗ ಎರಡಕ್ಕೂ ‘ಗುಂಡಿ’ ಎಂದು ಬರೆದಿದ್ದಾನೆ. ತೋಟದ ನಾಡಿನ ನಮಗೆ ಗುಂಡಿ ಎಂದರೆ ಕಾಫಿ ಗಿಡ ಇಡಲು ಒಂದೂವರೆ ಅಡಿ ತೆಗೆಯುವಂಥದ್ದು. ತೂತಿಗೆ ‘ಕುಳಿ’ ಸಾಕು. ಅಳಗುಳಿಮಣೆ ಆಡಿದವರಿಗೆ, ಗೋಲಿ ಆಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಹಾದಿಗೆ ಮಾತ್ರ ಕುಳಿ ಒಗ್ಗದು. ‘ನಾನೂರು ಗಜದ ಕುಳಿ’ ಎಂದರೆ ಓದುಗ ಬಾವಿಯನ್ನು ಕಲ್ಪಿಸಿಕೊಂಡಾನು. ಯೋಚಿಸಿದಾಗ ನನಗೆ ಹೊಳೆದದ್ದು ‘ಮಜಲು’. ಪ್ರಯಾಣದ ಒಂದು ಹಂತಕ್ಕೆ ನಾವು ಹೇಳುವ ಮಾತು. ಗಾಲ್ಫ್ ಆಡುವವನು ನಡೆಯುತ್ತಲೇ ಇರುತ್ತಾನೆ, ಪ್ರತಿ ಕುಳಿಯ ಬಳಿ ಒಂದು ಹಂತ ಮುಗಿದು ಇನ್ನೊಂದು ಶುರುವಾಗುತ್ತದೆ. ಹದಿನೆಂಟು ಮಜಲಿನ ಮೈದಾನ. ಹೊಡೆತದ ಲೆಕ್ಕದ ಆಟ, ಮಜಲಿನ ಲೆಕ್ಕದ ಆಟ. ಬಾಯಿಗೆ ಸಲೀಸಾಗಿದೆ ಎಂದು ನನಗನ್ನಿಸುತ್ತದೆ.

ಇದರಿಂದ ಇನ್ನೊಂದು ಉಪಕಾರವೂ ಆಯಿತು. ಮಜಲಿನ ಲೆಕ್ಕದಲ್ಲಿ ಗೆಲುವನ್ನು ‘3 ಮತ್ತು 2’ ಎಂದು ದಾಖಲಿಸುವ ರೂಢಿ ಇದೆ. ಹುಡುಗ ಅದನ್ನು ‘3–2 ಅಂತರದ ಗೆಲುವು’ ಎಂದು ಬರೆದಿದ್ದ. ಅದರ ಅರ್ಥ ಬೇರೆಯೇ: ಇನ್ನು ಎರಡೇ ಮಜಲು ಉಳಿದಿರುವಾಗ ಮೂರು ಮಜಲು ಮುಂದಿದ್ದಾನೆ, ಎದುರಾಳಿ ಇನ್ನು ಹಿಡಿಯಲಾರ, ಆಟ ಅಲ್ಲಿಗೇ ಮುಗಿಯಿತು. ‘ಎರಡು ಮಜಲು ಬಾಕಿ ಇರುವಾಗಲೇ ಮೂರು ಮಜಲಿನ ಮುನ್ನಡೆಯಿಂದ ಗೆದ್ದನು’ ಎಂದು ತಿದ್ದಿದೆ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

‘ಅಂತರ ಕಾಲೇಜು’ ಕೂಡ ಕಾಡುತ್ತಿದೆ. ಇಲ್ಲಿನ ವಿದ್ಯಾರ್ಥಿಗೆ ಅದು ಕುವೆಂಪು ವಿಶ್ವವಿದ್ಯಾಲಯದಂತಹ ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ನಡುವಿನ ಸ್ಪರ್ಧೆ. ಯೇಲ್, ಪ್ರಿನ್ಸ್‌ಟನ್ ಸ್ವತಃ ವಿಶ್ವವಿದ್ಯಾಲಯಗಳು. ನಮ್ಮ ರೂಢಿಯಂತೆ ಅದು ‘ಅಂತರ ವಿಶ್ವವಿದ್ಯಾಲಯ’ ಕೂಟ. ಹಾಗೆಯೇ ತಿದ್ದುವವನಿದ್ದೇನೆ, ಬೇಡವೆನ್ನುವವರು ಕಾರಣ ತಿಳಿಸಿ.

ಸಂಚಿಕೆ ಅಚ್ಚಿಗೆ ಹೋಗಲು ಎರಡು ವಾರವಿದೆ. ಮುಖ್ಯವಾಗಿ ‘ಮಜಲು’ ಪದದ ಬಗ್ಗೆ ಘಟ್ಟದ ಕೆಳಗಿನವರ ಮಾತು ನನಗೆ ಬೇಕು. ನಿಮ್ಮಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸುತ್ತೀರಿ. ‘ಹದಿನೆಂಟು ಮಜಲಿನ ಮೈದಾನ’ ಎಂದು ಓದಿದಾಗ ನಿಮ್ಮ ಕಣ್ಣಿಗೆ ಕಟ್ಟುವುದು ಪ್ರಯಾಣವೋ, ಗದ್ದೆಯೋ?